ಸ್ವಂತ ಕಪ್ಪು

ಮಹಾನಗರದಲ್ಲಿ ಸತ್ತರೂ ಕೇಳುವವರಿಲ್ಲ ಎಂದು ಗೊಣಗಿ ಗೊಣಗಿ ಈ ಪುಟ್ಟ ಊರಿಗೆ ಮನೆ ಬದಲಾಯಿಸಿದವನು ನಾನೇ. ಇಲ್ಲಿ ಬದುಕಿರುವಾಗಲೇ ಕೇಳುತ್ತಾರೆ. ಮೂಲೆಯಂಗಡಿಯಾಕೆಯ ಹತ್ತಿರ ತಲೆಗೂದಲಿನ ಬಣ್ಣ ಕೊಂಡು ಮನೆ ಮುಟ್ಟುವಷ್ಟರಲ್ಲಿ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಕಾಂಪೌಂಡಿನಾಚೆ ಮೀಸೆ ತಿರುವುತ್ತಾ ನಿಂತಿದ್ದರು.

"ಬಣ್ಣ ಹಚ್ಕೋತೀರಂತೆ? ನಂದು ನೋಡಿ, ಇನ್ನೂ ಸ್ವಂತ ಕಪ್ಪು."

ಮೈಯೆಲ್ಲ ಉರಿಯಿತು. ಮುಂದಿನ ಸಲ ಬಣ್ಣಕ್ಕೆಂದೇ ರೈಲು ಹತ್ತಿ ಮಹಾನಗರಕ್ಕೆ ಹೋದೆ. ಅಲ್ಲಿ ನಮ್ಮನ್ನು ಯಾರು ನೋಡುತ್ತಾರೆ? ಅಂಗಡಿಯ ಸಾಲಿನಲ್ಲಿ ನನ್ನ ಮುಂದೆಯೇ ಹೆಡ್‌ಮಾಸ್ಟರು ನಿಂತಿದ್ದರು. ಕೈಯಲ್ಲಿ ಅದೇ ಕಪ್ಪು ಬಣ್ಣದ ಡಬ್ಬಿ!

"ಇದು... ನಮ್ಮನೆಯವಳಿಗೆ," ಎಂದು ತೊದಲಿದರು.

ನಾನು ನಗುವ ಮೊದಲೇ ಹೆಂಡತಿಯ ಫೋನು ಬಂತು.

"ಇಬ್ರೂ ಒಂದೇ ಅಂಗಡೀಲಿ ನಿಂತಿದೀರಂತೆ? ಮೂಲೆಯಂಗಡಿಯಾಕೆ ಬೇಜಾರು ಮಾಡ್ಕೊಂಡ್ಳು ಕಣ್ರೀ. ಅವಳ ಹತ್ರ ಇನ್ನೂ ಅಗ್ಗಕ್ಕೆ ಸಿಗ್ತಿತ್ತಂತೆ."