ಹುಳುಮನೆಯ ಕೂಸಿಗೆ ಮಾತು ಬಂತು

ಅಗರದ ಸುತ್ತಮುತ್ತ ಯಾರ ಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ಮುಟ್ಟದೆ ಸಪ್ಪಗಾದರೂ ಮೊದಲು ಕರೆ ಹೋಗುವುದು ಚಾಮುಂಡಮ್ಮನಿಗೆ. ಆಕೆ ಬಂದು ತಟ್ಟೆಯ ಮೇಲೆ ಬಗ್ಗಿ, ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, "ಸೊಪ್ಪು ಒದ್ದೆ ಇತ್ತು ಕಣ್ರಪ್ಪ" ಎಂದೋ, "ಗಾಳಿ ಸಾಲ್ದು, ಕಿಟಕಿ ತಗೀರಿ" ಎಂದೋ ಹೇಳಿದರೆ ಅದೇ ಕೊನೆಯ ಮಾತು. ಊರಿನ ಸಾವ್ಕಾರ ಶಿವರುದ್ರಸ್ವಾಮಿಯವರ ಹುಳುಮನೆಯನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ಆಕೆಯೇ. ಹುಳು ಅವರದು, ತೋಟ ಅವರದು, ಕಣ್ಣು ಮಾತ್ರ ಚಾಮುಂಡಮ್ಮನದು.

ಇಷ್ಟು ಚುರುಕು ಕಣ್ಣಿನವಳಿಗೆ ಪಕ್ಕದಲ್ಲೇ ಕೂತಿದ್ದ ಮೊಮ್ಮಗಳು ಸರಿಯಾಗಿ ಕಾಣಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ನಮ್ಮ ನಿಮ್ಮ ಮನೆಗಳಲ್ಲೂ ನಡೆಯುವುದು ಇದೇ.

ಮೊಮ್ಮಗಳ ಹೆಸರು ದೀಪಶ್ರೀ. ವಯಸ್ಸು ಮೂರು ವರ್ಷ, ನಾಲ್ಕು ತಿಂಗಳು. ಅಪ್ಪ ಗಾರೆ ಕೆಲಸದಲ್ಲಿ ಮೇಲಿಂದ ಬಿದ್ದು ತೀರಿಕೊಂಡಾಗ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅವ್ವ ಪದ್ಮಿನಿ ತಾಯಿಯ ಮನೆ ಸೇರಿ, ದಿನಾ ಅರಿಶಿನದ ಹೊಲಕ್ಕೋ ಕಬ್ಬಿನ ಗದ್ದೆಗೋ ಕೂಲಿಗೆ ಹೋಗುತ್ತಾಳೆ. ಕೂಸು ಅಜ್ಜಿಯ ಜೊತೆ ಹುಳುಮನೆಗೆ. ಮೂಲೆಯಲ್ಲಿ ಸೊಪ್ಪು ತರುವ ಮಂಕರಿ, ಅದರೊಳಗೆ ಒಂದು ಹಳೆ ಸೀರೆ, ಸೀರೆಯ ಮೇಲೆ ದೀಪಶ್ರೀ. ಬೆಳಿಗ್ಗೆ ಟೀಯಲ್ಲಿ ಅದ್ದಿದ ಬನ್ನು, ಮಧ್ಯಾಹ್ನ ತಣ್ಣಗಾದ ಎರಡು ತುತ್ತು ಅನ್ನ, ಆಮೇಲೆ ನಿದ್ದೆ.

"ಬಂಗಾರದಂತ ಕೂಸು ಕಣವ್ವ ನಮ್ದು. ಒಂದ್ ಸದ್ದಿಲ್ಲ, ಒಂದ್ ಗಲಾಟೆ ಇಲ್ಲ" ಎಂದು ಚಾಮುಂಡಮ್ಮ ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಗಲಾಟೆ ಎಲ್ಲಿಂದ ಬರಬೇಕು? ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಸೊಪ್ಪು ಬಿಟ್ಟು, ಅಲುಗದೆ ಕೂತು ಪೊರೆ ಕಳಚುತ್ತದೆ. ಇದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಹುಳುವನ್ನು ಮುಟ್ಟಬಾರದು, ಅಲುಗಿಸಬಾರದು. ಸದ್ದೂ ಮಾಡಬಾರದು ಎಂಬುದು ಚಾಮುಂಡಮ್ಮ ತಾನಾಗಿ ಸೇರಿಸಿಕೊಂಡ ಕಾನೂನು. ಕೂಸು ತೊದಲಿದರೆ "ಶ್... ಉಳ ಜ್ವರಕ್ಕೆ ಕುಂತವೆ." ನಕ್ಕರೆ "ಶ್..." ಅತ್ತರಂತೂ ಕೇಳಲೇಬೇಡಿ. ಜ್ವರ ಬಿಟ್ಟ ದಿನವೂ ಬಾಯಿಗೆ ಬಂದ "ಶ್" ಮಾತ್ರ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗನವಾಡಿ ಟೀಚರು ಭವ್ಯ ಅಲ್ಲಿಗೆ ಬಂದರು. ಮುಳ್ಳೂರಿನ ಮಗಳು, ಅಗರದ ಸೊಸೆ. ಒಂದು ಮನೆಯ ಬಾಗಿಲು ಬಿಡದೆ ಮಕ್ಕಳನ್ನು ಹುಡುಕುವ ಹೆಣ್ಣುಮಗಳು. ಅಂದು ಪದ್ಮಿನಿಗೆ ಕೂಲಿ ಇರಲಿಲ್ಲವಾಗಿ ಅವಳೂ ಸೊಪ್ಪು ಕೊಯ್ದು ತರುತ್ತಿದ್ದಳು.

"ದೊಡ್ಡವ್ವ, ಕೂಸಿಗೆ ಮೂರು ತುಂಬಿ ನಾಲ್ಕು ತಿಂಗಳಾಯ್ತು. ಅಂಗನವಾಡಿಗೆ ಕಳ್ಸಿ."

"ಅಲ್ಲೇನದೆ ಟೀಚರಮ್ಮ? ತಿಂದ್ಕಂಡು ಮನಿಕಳದು ತಾನೆ? ಅದ ಇಲ್ಲೇ ಮಾಡ್ತದೆ."

ಭವ್ಯ ನಕ್ಕರು. ಈ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿನ್ನ ಎಸ್ರೇನು ಪುಟ್ಟ?" ಎಂದರು.

ದೀಪಶ್ರೀ ಅಜ್ಜಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ತನ್ನ ಪುಟ್ಟ ಬೆರಳನ್ನು ತುಟಿಯ ಮೇಲಿಟ್ಟು, ಮಾತಾಡಬೇಡ ಎಂದು ಟೀಚರಿಗೇ ಸನ್ನೆ ಮಾಡಿದಳು. ಭವ್ಯರ ನಗು ಅಲ್ಲೇ ನಿಂತುಹೋಯಿತು.

"ಎಷ್ಟು ಮಾತಾಡ್ತದೆ ಪದ್ಮಿನಿ?"

"ಅವ್ವ ಅಂತದೆ. ನೀರು ಅಂತದೆ. ಅಷ್ಟೇಯ" ಎಂದ ಪದ್ಮಿನಿಯ ದನಿ ಸಣ್ಣಗಾಯಿತು.

"ಅದ್ಕ್ಯಾಕೆ ಅಳ್ಮೋರೆ? ಅವಳ ತಾತನೂ ತಡವಾಗೇ ಮಾತಾಡದ್ದಂತೆ. ಬತ್ತದೆ ಬುಡು, ಮಾತು ಎಲ್ಲಿಗೋದದು?" ಎಂದು ಚಾಮುಂಡಮ್ಮ ಗದರಿದಳು.

ಭವ್ಯ ಜಗಳಕ್ಕೆ ಹೋಗಲಿಲ್ಲ. ತಟ್ಟೆಗಳ ಕಡೆ ತಿರುಗಿ, "ಉಳ ಚೆನ್ನಾಗವೆ ದೊಡ್ಡವ್ವ. ಮೊಟ್ಟೆ ತಂದು ಇಲ್ಲೇ ಮರಿ ಮಾಡುಸ್ದ್ರಾ?" ಎಂದರು.

ಅಷ್ಟು ಸಾಕಾಯಿತು. ಹುಳುವಿನ ಮಾತೆತ್ತಿದರೆ ಚಾಮುಂಡಮ್ಮನಿಗೆ ಹತ್ತು ಬಾಯಿ.

"ಎಲ್ಲಾರ ಉಂಟಾ? ಚಾಕಿ ಕೇಂದ್ರದಿಂದ ತಂದದ್ದು. ಮರಿ ಒಡೆದ ಮೇಲೆ ಎರಡನೇ ಜ್ವರದ ಗಂಟ ಚಾಕಿ ಅಂತೀವಿ. ಆ ಎಳೇ ಉಳಕ್ಕೆ ಎಳೇ ಸೊಪ್ಪೇ ಬೇಕು. ಅದ ಸಣ್ಣಗೆ ಎಚ್ಚಾಕ್ಬೇಕು. ಬೆಚ್ಚಗಿರ್ಬೇಕು. ಕೆಲ್ಸ ಕಲ್ತೋರು ನೋಡ್ಕಬೇಕು. ಅದ್ಕೇಯ ನಮ್ ಸಾವ್ಕಾರ್ರು ಮನೇಲಿ ಬ್ಯಾಡ ಅಂತ ಚಾಕಿ ಕೇಂದ್ರಕ್ಕೇ ಬುಡ್ತಾರೆ."

"ಚಾಕಿಲಿ ವಸಿ ಏರುಪೇರಾದ್ರೆ ಆಮೇಲೆ ಸರಿ ಮಾಡಕಾಗಲ್ವಾ?"

"ಆಗದೇ ಇಲ್ಲ ಕಣವ್ವ! ಚಾಕಿಲಿ ಕೆಟ್ಟ ಉಳಕ್ಕೆ ಆಮೇಲೆ ಮೂಟೆಗಟ್ಲೆ ಸೊಪ್ಪು ಸುರುದ್ರೂ ನೆಟ್ಟಗೆ ಗೂಡು ಕಟ್ಟಲ್ಲ."

ಅಷ್ಟರಲ್ಲಿ ಇನ್ನೊಂದು ಹೊರೆ ಸೊಪ್ಪು ಹೊತ್ತು ತಂದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಪದ್ಮಿನಿ ಅದನ್ನು ಧೊಪ್ಪನೆ ನೆಲಕ್ಕೆ ಹಾಕಿದಳು. ತಾಯಿಗೆ ಎದುರು ಮಾತಾಡಿ ಅಭ್ಯಾಸವಿಲ್ಲದವಳು. ಅವತ್ತು ಆಡಿದಳು.

"ಅವ್ವ, ಸಾವ್ಕಾರ್ರ ಉಳಕ್ಕೆ ಇರೋ ಚಾಕಿ ನನ್ ಕೂಸಿಗೆ ಇಲ್ವಾ?"

ಚಾಮುಂಡಮ್ಮನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಮೊದಲು ಬಂದದ್ದು ಸಿಟ್ಟು.

"ನಿನ್ನ ನಾ ಸಾಕ್ಲಿಲ್ವಾ? ನೀನೇನು ಅಂಗನವಾಡಿಗೆ ಓಗಿದ್ದೇನಮ್ಮಿ?"

"ಓಗ್ಲಿಲ್ಲ. ಅದ್ಕೇ ಒಂದನೇ ಕ್ಲಾಸಲ್ಲಿ ಬೆಪ್ಪು ಬೆಪ್ಪಾಗಿ ಕುಂತಿದ್ದೆ. ಬಾಕಿ ಮಕ್ಳು ಆಡೋ ಪದ ನಂಗೆ ಬತ್ತಿರ್ಲಿಲ್ಲ, ಸ್ಲೇಟು ಇಡಿಯಾಕೂ ಬತ್ತಿರ್ಲಿಲ್ಲ. ನಾಕನೇ ಕ್ಲಾಸಿಗೆ ಬುಟ್ಬುಟ್ಟೆ. ಇವತ್ತು ಕಬ್ಬಿನ ಗದ್ದೇಲಿ ಇವ್ನಿ. ನನ್ ಕೂಸೂ ಅಲ್ಲಿಗೇ ಬರ್ಬೇಕಾ ಅವ್ವ?"

ಚಾಮುಂಡಮ್ಮ ಮಂಕರಿಯ ಕಡೆ ತಿರುಗಿ ನೋಡಿದಳು. ಕೂಸಿನ ಕೈ ಸಣಕಲು, ಕೂದಲು ಕೆಂಚಗೆ, ಬೆರಳು ಇನ್ನೂ ತುಟಿಯ ಮೇಲೇ ಇತ್ತು. ಒಂದು ಹುಳು ಹೀಗಿದ್ದಿದ್ದರೆ ಆಕೆ ಎಂದೋ ಗಾಬರಿ ಬೀಳುತ್ತಿದ್ದಳು. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಮಂಕರಿಯ ಪಕ್ಕ ಕೂತಳು.

"ಯೋಳು ಟೀಚರಮ್ಮ, ಈಗ ಏನ್ ಮಾಡನ?"

ಭವ್ಯ ಪಕ್ಕದಲ್ಲಿ ಕೂತರು. "ದೊಡ್ಡವ್ವ, ಮಕ್ಕಳ ಮಿದುಳು ಬಹುಪಾಲು ಬೆಳೆಯೋದು ಮೊದಲ ಐದಾರು ವರ್ಷದಲ್ಲೇ. ಆಗ ಒಟ್ಟೆಗೆ ಅನ್ನ ಎಷ್ಟು ಮುಖ್ಯವೋ, ಕಿವಿಗೆ ಮಾತು, ಕೈಗೆ ಆಟ, ಜೊತೆಗೆ ಮಕ್ಕಳು ಅಷ್ಟೇ ಮುಖ್ಯ. ಅಂಗನವಾಡೀಲಿ ಅದೆಲ್ಲ ಇದೆ. ಬಿಸಿ ಊಟ ಇದೆ. ತೂಕ ನೋಡ್ತೀವಿ. ಒಂದು ಪೈಸೆ ಕೊಡ್ಬೇಕಾಗಿಲ್ಲ. ಆದ್ರೆ ಮೊದ್ಲು ಕೂಸಿನ ಕಿವಿ ಕೇಳ್ತದಾ ಅಂತ ಡಾಕ್ಟ್ರಿಗೆ ತೋರಿಸ್ಬೇಕು. ನಾನೂ ಬತ್ತೀನಿ."

"ಒತ್ತಾರೆ ನಾ ಸೊಪ್ಪು ಆಕೋ ಒತ್ತು. ಕೂಸ ಕರ್ಕಂಡು ಬರೋರ್ಯಾರು?"

"ನಮ್ಮ ಸಹಾಯಕಿ ಈ ಬೀದಿ ಮಕ್ಕಳನ್ನೆಲ್ಲ ಕರ್ಕೊಂಡೇ ಬರೋದು. ಮೊದಲ ದಿನ ಮಾತ್ರ ನೀವು ಬನ್ನಿ, ಕೂಸು ಎದರ್ಕೊಳ್ಳಬಾರ್ದು."

ಚಾಮುಂಡಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೂರನೇ ಜ್ವರಕ್ಕೆ ಹುಳು ಕೂರುವ ದಿನ ಸೊಪ್ಪು ಹಾಕುವಂತಿಲ್ಲ. ಅಂಗನವಾಡಿಗೆ ಹೋಗಲು ಅವತ್ತು ಬಿಡುವು.

ಮಾರನೆಯ ದಿನವೇ, ಬೆಳಗಿನ ಸೊಪ್ಪು ಹಾಕಿ ಮುಗಿಸಿ, ಕೂಸನ್ನು ಎತ್ತಿಕೊಂಡು ಯಳಂದೂರಿನ ಸರ್ಕಾರಿ ಆಸ್ಪತ್ರೆಗೆ ಹೋದರು. ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ, ತೂಕ ಕಡಿಮೆ ಇದೆ, ಕೂಸಿನ ಜೊತೆ ಮನೆಯವರು ಹೆಚ್ಚು ಮಾತಾಡಬೇಕು, ಆಗಾಗ ಕರೆತಂದು ತೋರಿಸಬೇಕು ಎಂದರು. ಮಾತಾಡಿಸುವವರೇ ಇಲ್ಲದೆ ಮಾತು ಬರುವುದು ಹೇಗೆ ಎಂದು ಚಾಮುಂಡಮ್ಮ ಬಸ್ಸಿನಲ್ಲಿ ಕೂತು ತನ್ನಲ್ಲೇ ಕೇಳಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗನವಾಡಿಯ ಮೊದಲ ದಿನ ದೀಪಶ್ರೀ ಅಜ್ಜಿಯ ಸೆರಗು ಬಿಡಲಿಲ್ಲ. ಎರಡನೇ ದಿನ ಅತ್ತಳು. ಆಮೇಲೆ ಹತ್ತು ದಿನ ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು. "ನೋಡಮ್ಮಿ, ನಾ ಯೋಳ್ಲಿಲ್ವಾ" ಎನ್ನಲು ಚಾಮುಂಡಮ್ಮನ ನಾಲಿಗೆ ತುರಿಸುತ್ತಿತ್ತು. ಭವ್ಯ ಮಾತ್ರ ಆತುರಪಡಲಿಲ್ಲ. ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿದರು, ಬಣ್ಣದ ಬಿಲ್ಲೆ ಜೋಡಿಸಲು ಕೊಟ್ಟರು, ಹಾಡಿಗೆ ಕೈ ತಟ್ಟಿಸಿದರು. ಅಜ್ಜಿಗೂ ಮನೆಗೆಲಸ ಕೊಟ್ಟರು: "ಸಂಜೆ ಸೊಪ್ಪು ಹಾಕುವಾಗ ಕೂಸಿನ ಜೊತೆ ಮಾತಾಡ್ತಾ ಇರಿ. ಶ್ ಅನ್ನಬೇಡಿ."

ಚಾಮುಂಡಮ್ಮನಿಗೆ ಮೊದಮೊದಲು ನಾಚಿಕೆ. "ಇದು ಸೊಪ್ಪು ಕಣಮ್ಮಿ. ಇದು ಎಳೇದು. ಇದು ಬಲ್ತದ್ದು" ಎಂದು ಒಬ್ಬಳೇ ಒದರುತ್ತಿದ್ದರೆ ತನಗೇ ನಗು ಬರುತ್ತಿತ್ತು. ಆದರೂ ಬಿಡಲಿಲ್ಲ. ಹುಳುಗಳು ಇಷ್ಟು ಮಾತು ಕೇಳಿಯೂ ಏನೂ ಆಗದೆ ಸೊಗಸಾಗಿ ಗೂಡು ಕಟ್ಟಿದವು! ಮುಂದಿನ ಬೆಳೆಯ ಒಂದು ಸಂಜೆ ಮಂಕರಿಯ ಹತ್ತಿರದಿಂದ ಒಂದು ಸಣ್ಣ ದನಿ ಬಂತು.

"ಸೊಪ್ಪು."

ಚಾಮುಂಡಮ್ಮ ಕೆಲಸ ಬಿಟ್ಟು ಓಡಿ ಕೂಸನ್ನು ಎತ್ತಿಕೊಂಡು ಬೀದಿಗೇ ಬಂದುಬಿಟ್ಟಳು. "ಸೊಪ್ಪು ಅಂತು ಕಣ್ರೀ, ನನ್ ಕೂಸು ಸೊಪ್ಪು ಅಂತು!" ಬೀದಿಯವರಿಗೆ ಇದರಲ್ಲಿ ಏನಿದೆ ಎಂದು ಅರ್ಥವಾಗಲಿಲ್ಲ. ಪದ್ಮಿನಿಗೆ ಅರ್ಥವಾಯಿತು. ಅವಳು ಅಲ್ಲೇ ನಿಂತು ಅತ್ತಳು.

ಆರು ತಿಂಗಳಲ್ಲಿ ದೀಪಶ್ರೀಯ ಕೆನ್ನೆ ತುಂಬಿತು. ತೂಕ ಏರಿತು. ಮಾತು ಒಂದಕ್ಕೆ ಹತ್ತಾಯಿತು. ಹಾಡು, ಕಥೆ, ಅಂಗನವಾಡಿಯ ಚಾಡಿ, ಎಲ್ಲವೂ ರಾತ್ರಿ ಊಟದ ಹೊತ್ತಿಗೆ ವರದಿಯಾಗುತ್ತಿದ್ದವು.

ಒಂದು ಭಾನುವಾರ ಶಿವರುದ್ರಸ್ವಾಮಿಯವರು ಹೊಸ ಬೆಳೆ ನೋಡಲು ಹೊಲದಿಂದ ನೇರ ಹುಳುಮನೆಗೆ ಬಂದರು. ಕಾಲು ತುಂಬ ಕೆಸರು. ಕಾಲು ತೊಳೆಯದೆ ಹುಳುಮನೆಗೆ ಬಂದರೆ ಹೊರಗಿನ ರೋಗ ಹುಳುವಿಗೆ ಬರುತ್ತದೆ ಎಂಬುದು ಅವರಿಗೂ ಗೊತ್ತು. ಆದರೆ ಸಾವ್ಕಾರರಿಗೆ ಹೇಳುವವರು ಯಾರು? ಇಪ್ಪತ್ತು ವರ್ಷದಲ್ಲಿ ಚಾಮುಂಡಮ್ಮನಿಗೇ ಆ ಧೈರ್ಯ ಬಂದಿರಲಿಲ್ಲ.

ಬಾಗಿಲಿಗೆ ಅಡ್ಡವಾಗಿ ದೀಪಶ್ರೀ ನಿಂತಳು. ಸೊಂಟದ ಮೇಲೆ ಎರಡೂ ಕೈ.

"ಕಾಲು ತೊಳ್ಕಂಡು ಬಾ! ಮಣ್ಣಲ್ಲಿ ರೋಗ ಇರ್ತದೆ. ಟೀಚರ್ ಯೋಳವ್ರೆ."

ಚಾಮುಂಡಮ್ಮ ಗಾಬರಿಯಿಂದ ಸೊಪ್ಪು ಬಿಟ್ಟು ಎದ್ದಳು. ಶಿವರುದ್ರಸ್ವಾಮಿಯವರು ಕೂಸನ್ನು ನೋಡಿದರು, ತಮ್ಮ ಕಾಲು ನೋಡಿಕೊಂಡರು. ಆಮೇಲೆ ಮೆಲ್ಲಗೆ ಹಿಂದೆ ತಿರುಗಿ ತೊಟ್ಟಿಯ ಕಡೆ ಹೊರಟರು.

"ಒಂದ್ ಸದ್ದಿಲ್ಲ ಅಂತಿದ್ದಲ್ಲ ಚಾಮುಂಡಿ, ಇದು ಆ ಕೂಸೇನಾ?"

ಚಾಮುಂಡಮ್ಮನಿಗೆ ಎಲ್ಲಿಂದ ಬಂತೋ ದನಿ, ಊರಿಗೆಲ್ಲ ಕೇಳುವಂತೆ ಹೇಳಿದಳು: "ಅದೇಯ ಸಾವ್ಕಾರ್ರೇ! ಅಂಗೇ ಕೈನೂ ತೊಳ್ಕಬನ್ನಿ!"

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಮನೆಯ ಮೂಲೆ ನೋಡಿ. ಪಕ್ಕದ ಮನೆಯದನ್ನೂ ನೋಡಿ. ಅವ್ವ ಅಪ್ಪ ಕೂಲಿಗೆ ಹೋದ ಮನೆಯಲ್ಲಿ ಒಂದು ಕೂಸು ಗಲಾಟೆ ಮಾಡದೆ ಕೂತಿದೆಯೇ? ಒಳ್ಳೆಯ ಕೂಸು ಎಂದು ಹೊಗಳಿ ಸುಮ್ಮನಾಗಬೇಡಿ. ಅದನ್ನು ಮಾತಾಡಿಸಿ. ಮೂರು ತುಂಬಿದ್ದರೆ ನಾಳೆಯೇ ಕೈ ಹಿಡಿದು ಅಂಗನವಾಡಿಗೆ ಕರೆದೊಯ್ಯಿರಿ. ಮಾತು, ನಡಿಗೆ ತಡವಾಗಿದ್ದರೆ, ತೂಕ ಕಡಿಮೆ ಇದ್ದರೆ ಡಾಕ್ಟರಿಗೆ ತೋರಿಸಿ. ಕರೆದೊಯ್ಯಲು ಆ ಮನೆಯವರಿಗೆ ಆಗದಿದ್ದರೆ ನಿಮ್ಮ ಮಗುವಿನ ಜೊತೆ ಅದನ್ನೂ ಕರೆದೊಯ್ಯಿರಿ. ಎಳೆಯ ವಯಸ್ಸು ಒಂದೇ ಸಲ ಬರುತ್ತದೆ. ಅದು ಹೋದ ಮೇಲೆ ಅತ್ತರೆ ಬರುವುದಿಲ್ಲ, ಈಗ ಎದ್ದರೆ ನಿಮ್ಮ ಬೀದಿಯಲ್ಲೂ ಒಂದು ಕೂಸು ಬಾಗಿಲಿಗೆ ಅಡ್ಡ ನಿಂತು, ದೊಡ್ಡವರನ್ನೇ ಗದರಿಸುವಷ್ಟು ಚೆನ್ನಾಗಿ ಬೆಳೆಯುತ್ತದೆ.