ಬಸ್‌ಸ್ಟ್ಯಾಂಡಿನತನಕ ಕೇಳದ ಪೆಟ್ಟಿಗೆ

ಲೌಡ್‌ಸ್ಪೀಕರನ್ನು ಕಾಲಿನಿಂದ ಅಳೆದು ಕೊಳ್ಳುವ ಜನ ವಿಜಾಪುರದವರು. ಅಂಗಡಿಯವನು ರೆಕಾರ್ಡು ಹಚ್ಚಬೇಕು, ಕೊಳ್ಳುವವನು ನಡೆಯುತ್ತ ಹೋಗಬೇಕು, ಹಾಡು ಎಲ್ಲಿ ಅಳಿಸಿಹೋಗುತ್ತದೋ ಅಲ್ಲಿಂದ ಹೆಜ್ಜೆ ಎಣಿಸುತ್ತ ತಿರುಗಿ ಬರಬೇಕು. ಹೆಜ್ಜೆ ಹೆಚ್ಚಾದಷ್ಟೂ ಮಾಲು ಒಳ್ಳೆಯದು. ಉರುಸಿಗೂ ಅದೇ ಅಳತೆ, ಚುನಾವಣೆಗೂ ಅದೇ, ಮದುವೆಗೂ ಅದೇ. ಈ ಅಳತೆ ಹುಟ್ಟಿಸಿದವನು ಎದುರಿಗೆ ಸಿಕ್ಕಿದ್ದರೆ ಮಶಾಕಸಾಬ ಅವನ ಕಾಲು ಮುರಿಯಲೂ ತಯಾರಿದ್ದ.

ಮಶಾಕಸಾಬ ಹಗಲೆಲ್ಲ ಬಾಗಿಲ ಚೌಕಟ್ಟು ಮಾಡುವ ಬಡಿಗ. ಮದುವೆ ಸುಗ್ಗಿಯಲ್ಲಿ ಗುರಲಿಂಗಪ್ಪನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ಬಾರಿಸುತ್ತಿದ್ದ. ನಾಲ್ಕೇ ತಂತಿ, ಒಂದೊಂದೂ ದಪ್ಪ. ಅದರ ದನಿ ಹಾಡಿನ ಮೇಲೆ ಕುಣಿಯುವುದಿಲ್ಲ, ಹಾಡಿನ ಅಡಿಗೆ ಕೂತು ಅದನ್ನು ಹೊರುತ್ತದೆ. ಹೊರುವವರನ್ನು ಯಾರು ನೋಡುತ್ತಾರೆ? ಐದು ಜನರ ತಂಡದಲ್ಲಿ ಅವನ ಜಾಗ ಯಾವಾಗಲೂ ಹಿಂದೆ, ಡ್ರಮ್ಮಿನ ಮಗ್ಗುಲು. ಅದಕ್ಕೂ ಅವನು ತಕರಾರು ಮಾಡಿದವನಲ್ಲ. ದನಿಯಾದರೂ ಕೇಳಲಿ ಎಂಬುದಷ್ಟೇ ಅವನ ಆಸೆಯಾಗಿತ್ತು.

ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ತಂಡದ ಹಳೆಯ ಆಂಪ್ಲಿಫೈಯರು ಹೊಗೆ ಬಿಟ್ಟು ಸುಟ್ಟುಹೋಯಿತು. ಮುಂದಿನ ಎಂಟು ದಿನದಲ್ಲಿ ಟಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ಮದುವೆ ಒಪ್ಪಿಕೊಂಡಾಗಿತ್ತು. ತಂಡದ ಗಂಟಿನಲ್ಲಿದ್ದದ್ದು ಎಂಟುನೂರು ರೂಪಾಯಿ. ಗುರಲಿಂಗಪ್ಪ ಮಶಾಕಸಾಬನನ್ನು ಕರೆದುಕೊಂಡು ಗಾಂಧಿ ಚೌಕದ ಫಕ್ರುದ್ದೀನನ ರೇಡಿಯೋ ರಿಪೇರಿ ಅಂಗಡಿಗೆ ಹೋದ.

ಫಕ್ರುದ್ದೀನ ಎರಡು ಮಾಲು ತೋರಿಸಿದ. ಒಂದು, ಥಳಥಳ ಹೊಳೆಯುವ ಆಂಪ್ಲಿಫೈಯರು, ಅದರ ಜೋಡಿ ಎರಡು ಭೋಂಗಾ, ಅಂದರೆ ಕಹಳೆಯಾಕಾರದ ಲೌಡ್‌ಸ್ಪೀಕರು. ಇನ್ನೊಂದು, ಮುಚ್ಚಿಹೋದ ಟೂರಿಂಗ್ ಟಾಕೀಜಿನಿಂದ ಬಂದ ಹಳೆಯ ವಾಲ್ವಿನ ಆಂಪ್ಲಿಫೈಯರು ಮತ್ತು ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹಿಟ್ಟು ನಾದುವ ಪರಾತದಷ್ಟು ಅಗಲದ ಕಾಗದದ ಸ್ಪೀಕರು. ತೂಕ ಜೋಳದ ಚೀಲದಷ್ಟು. ದರ ಎರಡಕ್ಕೂ ಒಂದೇ.

ಗುರಲಿಂಗಪ್ಪ ರೂಢಿಯಂತೆ ನಡೆದ. ಭೋಂಗಾದ ಹಾಡು ಆರುನೂರು ಹೆಜ್ಜೆಯ ತನಕ ಕೇಳಿಸಿತು. ಪೆಟ್ಟಿಗೆಯದು ನೂರೈವತ್ತಕ್ಕೇ ಮುಗಿಯಿತು.

"ಆತಲ್ಲ, ಇನ್ನೇನ ನೋಡೂದೈತಿ?" ಎಂದ ಗುರಲಿಂಗಪ್ಪ ಬೆವರು ಒರೆಸಿಕೊಳ್ಳುತ್ತ.

"ಅಣ್ಣಾ, ನಂದ ಗಿಟಾರ್ ಹಚ್ಚಿ ನೋಡ್ರಿ," ಎಂದ ಮಶಾಕಸಾಬ. "ಭೋಂಗಾದಾಗ ದಪ್ಪ ದನಿ ಹೊರಗ ಬರಂಗಿಲ್ರಿ. ಅದು ಭಾಷಣಕ್ಕ ಮಾಡಿದ್ದು."

ಫಕ್ರುದ್ದೀನ ತಲೆಯಾಡಿಸಿದ. "ಹುಡುಗ ಖರೇ ಹೇಳಾಕತ್ತಾನ್ರಿ ಗುರಲಿಂಗಪ್ಪ. ಬೇಸ್ ಗಿಟಾರಿಗೆ ದೊಡ್ಡ ಕಾಗದ ಬೇಕ್ರಿ, ಅದಕ್ಕ ಪೆಟಿಗಿ ಬೇಕ್ರಿ."

"ನಾಳೆ ಬೀಗರು ಬಸ್‌ಸ್ಟ್ಯಾಂಡಿನ್ಯಾಗ ಇಳಿದಾಗ ಹಾಡ ಕೇಳಬೇಕೋ ಬ್ಯಾಡೋ? ಕೇಳಲಿಲ್ಲಂದ್ರ ಮುಂದಿನ ವರ್ಷ ಯಾರ ಕರೀತಾರ ನಮ್ಮನ್ನ?" ಎಂದು ಗುರಲಿಂಗಪ್ಪ ಭೋಂಗಾ ಕಟ್ಟಿಸಿಕೊಂಡ. ಮಶಾಕಸಾಬ ಹಲ್ಲು ಕಚ್ಚಿಕೊಂಡು ಒಂದು ಭೋಂಗಾ ಹೆಗಲಿಗೇರಿಸಿದ. ತನಗೆ ಬೇಡವಾದದ್ದನ್ನು ತಾನೇ ಹೊತ್ತು ನಡೆಯುವಾಗ ಬರುವ ಸಿಟ್ಟು ಬೇರೆಯದೇ ಇರುತ್ತದೆ.

ಟಿಕೋಟಾದಲ್ಲಿ ಆಗಬೇಕಾದ್ದೇ ಆಯಿತು. ಹಾಡು ಊರಿಗೆಲ್ಲ ಕೇಳಿಸಿತು, ನಿಜ. ಬೇಸ್ ಗಿಟಾರಿನ ತಂತಿ ಮೀಟಿದರೆ ಮಾತ್ರ ಭೋಂಗಾ ಖಾಲಿ ಡಬ್ಬಿಯ ಹಾಗೆ ಗರಗರ ಅಂದಿತು. ಮುಂದೆ ಕೂತಿದ್ದ ಹುಡುಗರು ಬಾಯಿಂದ ಅದೇ ದನಿ ಮಾಡಿ ಅಣಕಿಸಿದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಶಾಕಸಾಬ ಮೆಲ್ಲಗೆ ಮೀಟಿದ, ಆಗ ಏನೂ ಕೇಳಲಿಲ್ಲ. ಜೋರಾಗಿ ಮೀಟಿದ, ಮತ್ತೆ ಗರಗರ. ಕಿವಿ ಕೆಂಪಗಾಗುವಷ್ಟು ಅವಮಾನವಾಯಿತು ಅವನಿಗೆ.

ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆಯೇ ಗುರಲಿಂಗಪ್ಪ ತೀರ್ಪು ಕೊಟ್ಟ. "ಲೇ ಮಶಾಕ, ಬಬಲೇಶ್ವರಕ್ಕ ಆ ಗಿಟಾರಿನ ಕಟಿಗಿ ತರಬ್ಯಾಡ. ಕೈಯಾಗ ಗೆಜ್ಜಿ ಹಿಡಕೊಂಡು ನಿಂದರು. ಮುಂದಿಂದ ಮುಂದ ನೋಡೂಣು."

ಮೂರು ವರ್ಷ ಬೆರಳಿನ ತೊಗಲು ಕಿತ್ತುಹೋಗುವಂತೆ ಕಲಿತವನಿಗೆ ಗೆಜ್ಜೆ! ಮಶಾಕಸಾಬ ಅರ್ಧ ಊಟಕ್ಕೇ ಎದ್ದ. ಮನೆಗೆ ಬಂದು ಗುರಲಿಂಗಪ್ಪನ ಏಳು ತಲೆಮಾರನ್ನು ಬೈದ. ಹೆಂಡತಿ ನೂರಜಹಾನ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು.

"ಅವರ ಮುಂದ ಅನ್ನೂದನ್ನ ನನ್ನ ಮುಂದ ಅಂದ್ರ ಏನ್ ಬಂತರಿ? ಅಕ್ಕಿ ಏನ್ ಹೆದರತಾವೇನು?" ಎಂದಳು.

ಬಬಲೇಶ್ವರದ ಮದುವೆಯ ದಿನ ಬೆಳಿಗ್ಗೆ ಮಶಾಕಸಾಬ ಸೈಕಲ್ಲು ತೆಗೆದುಕೊಂಡು ಹೋಗಿ ಫಕ್ರುದ್ದೀನನ ಅಂಗಡಿಯ ಮುಂದೆ ನಿಲ್ಲಿಸಿ ಕೀಲಿ ಕೊಟ್ಟ. "ಚಾಚಾ, ಒಂದ ಮದುವಿಗೆ ಆ ಪೆಟಿಗಿ, ಅದರ ವಾಲ್ವಿನ ಆಂಪ್ಲಿಫೈಯರು ಎರಡೂ ಕೊಡ್ರಿ. ತಿರುಗಿ ತರೂತನಕ ಇದು ನಿಮ್ಮಲ್ಲಿರಲಿ." ಫಕ್ರುದ್ದೀನ ಸೈಕಲ್ಲನ್ನು ನೋಡಲೂ ಇಲ್ಲ, ಪೆಟ್ಟಿಗೆಯ ಒಂದು ತುದಿ ಹಿಡಿದು ಬಸ್ಸಿನ ತನಕ ಬಂದ. ಬಬಲೇಶ್ವರದ ಬಸ್ಸಿನ ಕಂಡಕ್ಟರು ಮಾತ್ರ ಪೆಟ್ಟಿಗೆಗೂ ತಿಕೀಟು ಹರಿದ, ಅದೂ ಪೂರ್ತಿ ತಿಕೀಟು. ಆ ದಿನ ಮಶಾಕಸಾಬನ ಸಿಟ್ಟಿಗೆ ಊರಲ್ಲಿ ಯಾರೂ ಬಾಕಿ ಉಳಿಯಲಿಲ್ಲ.

ಬಬಲೇಶ್ವರದ ಹಂದರದಲ್ಲಿ ಪೆಟ್ಟಿಗೆ ಕಂಡದ್ದೇ ಗುರಲಿಂಗಪ್ಪನ ಮುಖ ಗಂಟಾಯಿತು. "ಇದನ್ಯಾಕ ತಂದಿ? ಇದು ಬಸ್‌ಸ್ಟ್ಯಾಂಡಿಗಿ ಕೇಳಂಗಿಲ್ಲ."

"ಬಸ್‌ಸ್ಟ್ಯಾಂಡಿನ್ಯಾಗ ಯಾರ ಮದುವಿ ಐತ್ರಿ?" ಎಂದ ಮಶಾಕಸಾಬ. ಇಷ್ಟು ವರ್ಷದಲ್ಲಿ ಎದುರಾಡಿದ್ದು ಅದೇ ಮೊದಲು.

ಮದುವೆ ಮನೆಯ ಯಜಮಾನ ಗುರುಪಾದಯ್ಯ ನಡುವೆ ಬಂದು, "ತಂದದ್ದು ತಂದಾನ, ಇರ್ಲಿ ಬಿಡ್ರಿ" ಎಂದ. ಯಜಮಾನನ ಮಾತು, ಗುರಲಿಂಗಪ್ಪ ನುಂಗಿಕೊಂಡ. ಹಾಡುವವರ ದನಿ ಭೋಂಗಾಕ್ಕೆ, ಬೇಸ್ ಗಿಟಾರು ಪೆಟ್ಟಿಗೆಗೆ ಎಂದಾಯಿತು.

ಸಂಜೆ ಬಿಸಿಲು ಇಳಿಯುವಾಗ ಹಾಡು ಶುರುವಾಯಿತು. ಮಶಾಕಸಾಬ ಮೊದಲ ತಂತಿ ಮೀಟಿದ. ವೇದಿಕೆಯ ಹಲಗೆ ನಡುಗಿತು, ಚಾಪೆಯ ಮೇಲೆ ಕೂತವರ ಎದೆಗೆ ದನಿ ಬಂದು ತಾಗಿತು. ಎರಡನೇ ಹಾಡಿಗೆ ಹುಡುಗರು ಎದ್ದರು. ಮೂರನೆಯದಕ್ಕೆ ಮದುಮಗನ ಸೋದರಮಾವ ರುಮಾಲು ಬೀಸುತ್ತ ಇಳಿದ. ಹಿರಿಯ ಹೆಂಗಸರು ಕೂತಲ್ಲೇ ತೊಡೆ ತಟ್ಟಿದರು. ಮಶಾಕಸಾಬನ ಮೈಯೆಲ್ಲ ಹಗುರಾಯಿತು. ಇಷ್ಟೇ ಬೇಕಾಗಿತ್ತು ಅವನಿಗೆ.

ಗುರುಪಾದಯ್ಯ ವೇದಿಕೆಗೆ ಬಂದು ಗುರಲಿಂಗಪ್ಪನ ಕೈ ಹಿಡಿದ. "ಭಾರಿ ಆತು ನೋಡ್ರಿ! ಈ ಪೆಟಿಗಿ ಎಲ್ಲಿ ಹಿಡದ್ರಿ?"

"ನಾನ ನಿಂತು ಆರಿಸಿ ತಂದೇನ್ರಿ," ಎಂದ ಗುರಲಿಂಗಪ್ಪ. ಒಂದಿಷ್ಟೂ ತಡವರಿಸಲಿಲ್ಲ ಮಹಾರಾಯ.

ಮಶಾಕಸಾಬನ ತಲೆಗೆ ರಕ್ತ ಏರಿತು. ಮುಂದಿನ ಹಾಡಿನ ನಟ್ಟನಡುವೆ, ಕುಣಿತ ಕಾವಿಗೇರಿದ ಹೊತ್ತಿನಲ್ಲಿ, ಅವನು ಗಿಟಾರಿನ ವಾಯರು ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಹಾಡು ನಿಲ್ಲಲಿಲ್ಲ. ಡ್ರಮ್ಮು ಇತ್ತು, ದನಿ ಇತ್ತು, ಎಲ್ಲ ಇತ್ತು. ಆದರೂ ಕುಣಿಯುವವರ ಕಾಲು ತಪ್ಪಿದವು. ಸೋದರಮಾವ ರುಮಾಲು ಎತ್ತಿದವನು ಎತ್ತಿದಂತೆ ನಿಂತ. ಏನು ಹೋಯಿತೆಂದು ಒಬ್ಬರಿಗೂ ಹೇಳಲು ಬರಲಿಲ್ಲ. ಕರೆಂಟ್ ಹೋಯಿತೇನೋ ಎಂದು ಗುರುಪಾದಯ್ಯ ಬಲ್ಬು ನೋಡಿದ. ಅದು ಉರಿಯುತ್ತಿತ್ತು. ಹಾಡುವವನೂ ಬಾಯಿ ಮುಚ್ಚಿದ.

ಗುರಲಿಂಗಪ್ಪ ಹಿಂದೆ ತಿರುಗಿದ. "ಹಚ್ಚಲೇ."

"ಯಾರ ಆರಿಸಿದ್ರು ಅಂತ ಮೈಕಿನ್ಯಾಗ ಹೇಳ್ರಿ. ಹಚ್ಚತೇನಿ."

"ಮದುವಿ ಮನ್ಯಾಗ ನನ್ನ ಮಾನ ತಗೀತಿಯೇನಲೇ?"

"ಟಿಕೋಟಾದಾಗ ಹೋತಲ್ಲ, ಅದು ಯಾರ ಮಾನ ಇತ್ರಿ?"

ಕೆಳಗಿನಿಂದ ಸಿಳ್ಳೆ ಬಿದ್ದವು. "ಏ ಹಚ್ರ್ಯೋ!" ಎಂದು ಯಾರೋ ಕೂಗಿದರು. ಗುರಲಿಂಗಪ್ಪ ಮೈಕು ಹಿಡಿದು ಕೆಮ್ಮಿದ. "ಆ ಪೆಟಿಗಿ ಆರಿಸಿದಾಂವ ನಮ್ಮ ಮಶಾಕಸಾಬ್ರಿ. ಅಲ್ಲಿ ಹಿಂದ ನಿಂತಾನಲ್ಲ, ಅಂವ." ಮತ್ತೊಮ್ಮೆ ಕೆಮ್ಮಿ, "ನಾ ಬ್ಯಾಡಂದಿದ್ದೆ" ಎಂದ.

ಇಡೀ ಹಂದರ ಡ್ರಮ್ಮಿನ ಮಗ್ಗುಲಿಗೆ ಕತ್ತು ಹೊರಳಿಸಿತು. ಅಷ್ಟೊಂದು ಕಣ್ಣು ಮಶಾಕಸಾಬನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಅವನು ವಾಯರು ಚುಚ್ಚಿದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ತಂತಿ ನೋಡದೆಯೇ ಜೋರಾಗಿ ಮೀಟಿದ. ಮೊದಲ ಏಟಿಗೇ ಸ್ವರ ತಪ್ಪಿತು, ಮತ್ತು ಅದು ಅಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು.