ಬಾಯಿಪಾಠದಲ್ಲಿಲ್ಲದ ಸಾಲು

ಆ ಪಾಲುಪಟ್ಟಿಯಲ್ಲಿ ಯಶಸ್ವಿನಿಗೆ ಮೊದಲು ಓದಲು ಬಂದದ್ದು ‘ಬಿನ್’ ಎನ್ನುವ ಒಂದು ಪದ. ಇಂಥವರ ಮಗ ಇಂಥವನು ಎನ್ನುವ ಕಡೆಯೆಲ್ಲ ಅದು ಇಣುಕುತ್ತಿತ್ತು. ಉಳಿದದ್ದೆಲ್ಲ, ಹಳೆಯ ಕಾಲದ ಅವಸರದ ಕೈಬರಹದಲ್ಲಿ, ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡ ಗೀಟುಗಳು. ಎಂ.ಎಸ್ಸಿ. ಮಾಡಿದ ಸೊಸೆ ಇದ್ದಾಳೆ, ಓದುತ್ತಾಳೆ ಬಿಡಿ ಎಂದು ಮಾವ ಆಂಜಿನಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಗಂಡ ಅಂಜನ್ ತೀರಿಕೊಂಡು ವರ್ಷ ದಾಟಿತ್ತು. ಆವತಿಯ ಹತ್ತಿರದ ಹೊಲದಲ್ಲಿ, ಹೊಂಗೆ ಮರದ ಕೆಳಗೆ, ಮುತ್ತಾತ ಮುತ್ತಜ್ಜಿಯರ ಸಮಾಧಿ ಗುಡ್ಡೆಗಳ ಮಗ್ಗುಲಲ್ಲೇ ಅವನನ್ನು ಮಣ್ಣು ಮಾಡಿದ್ದರು. ಈಗ ಮಾವನ ದೊಡ್ಡಪ್ಪನ ಮಗ ಆದಿನಾರಾಯಣಪ್ಪ ತಮ್ಮ ಪಾಲಿನ ಹೊಲವನ್ನು ಲೇಔಟಿನವರಿಗೆ ಕೊಡುತ್ತಿದ್ದರು. ಹೊಂಗೆ ಮರದ ಮೂಲೆಯೂ ತಮ್ಮದೇ ಎನ್ನುತ್ತಿದ್ದರು. ಭಾನುವಾರ ಅಳತೆ. ಮೂಲೆ ಅವರದಾದರೆ ಅದರ ಮೇಲೆ ಜೆಸಿಬಿ ಹರಿಯುತ್ತದೆ.

“ನಮ್ಮಪ್ಪ ಬದುಕಿರೋಗಂಟ ವರ್ಷವರ್ಷವೂ ಅಲ್ಲೋಗಿ ಹಾಲು ತುಪ್ಪ ಬಿಟ್ಟು ಬರ್ತಿದ್ದ. ನಮ್ದಲ್ದಿದ್ರೆ ಬಿಡ್ತಿದ್ನಾ?” ಎಂದು ಮಾವ ಕೇಳುತ್ತಿದ್ದರು. ಆ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಮಾವನ ಅಪ್ಪನೂ ದೊಡ್ಡಪ್ಪನೂ ಹೊಲ ಹಂಚಿಕೊಂಡಾಗ ಬರೆಸಿದ ಪಾಲುಪಟ್ಟಿಯ ನಕಲು ಒಂದಿತ್ತು. ಅದನ್ನು ಓದಿಬಿಟ್ಟರೆ ಮುಗಿಯಿತು. ಓದುವವರು ಯಾರೂ ಇರಲಿಲ್ಲ, ಅಷ್ಟೆ.

ಹತ್ತಿರದ ವಿಜಯಪುರದಲ್ಲಿ ಪಿಳ್ಳಣ್ಣ ಎಂಬ ಮುದುಕರಿದ್ದರು. ಒಂದು ಕಾಲದಲ್ಲಿ ದಿನವೆಲ್ಲ ಇಂಥ ಪತ್ರಗಳನ್ನೇ ಬರೆದವರು. ಯಶಸ್ವಿನಿ ಬಸ್ಸು ಹತ್ತಿ ಹೋಗಿ ನಕಲನ್ನು ಅವರ ಕೈಗಿತ್ತಾಗ ಅವರು ಅದನ್ನು ಮೂಗಿನವರೆಗೆ ತಂದು, ಮತ್ತೆ ಅವಳಿಗೇ ಕೊಟ್ಟರು. ಕಣ್ಣು ಹೋಗಿತ್ತು.

“ಹೆಂಗೆ ಬರ್ದವ್ನೆ, ಹೇಳವ್ವ.”

“ಅಕ್ಷರಕ್ಕೆ ತಲೆಕಟ್ಟೇ ಇಲ್ಲ ತಾತ.”

“ತಲೆಕಟ್ಟು ಹಾಕ್ಕೊಂಡು ಕೂತಿದ್ರೆ ದಿನಕ್ಕೆ ಒಂದ್ ಪತ್ರ ಆಗ್ತಿತ್ತು. ಹೆಂಡ್ರು ಮಕ್ಳು ಏನು ಗಾಳಿ ಕುಡೀಬೇಕಿತ್ತಾ?” ಎಂದು ನಕ್ಕರು. “ನೀನು ಅಕ್ಷರ ಓದ್ಬೇಡ. ನಾನು ಹೇಳ್ತಾ ಹೋಗ್ತೀನಿ. ನೀನು ಸಾಲಿನ ಮೇಲೆ ಬೆರಳಿಟ್ಕೊಂಡು ನನ್ನ ಹಿಂದೆ ಬಾ.”

ಹೀಗೆ ಪಾಠ ಶುರುವಾಯಿತು. ಪತ್ರ ಯಾರದಾದರೂ ಅದರ ಮುಕ್ಕಾಲು ಭಾಗ ಒಂದೇ ಎರಕದ್ದು. ಪಿಳ್ಳಣ್ಣ ಕಣ್ಣು ಮುಚ್ಚಿ, ಮಂತ್ರ ಹೇಳುವವರ ಹಾಗೆ ರಾಗವಾಗಿ ಹೇಳುತ್ತಿದ್ದರು: “ಸ್ವಸಂತೋಷದಿಂದ, ಪರಪ್ರೇರಣೆ ಇಲ್ಲದೆ… ನಿಧಿ ನಿಕ್ಷೇಪ ಜಲ ತರು ಪಾಷಾಣ… ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.” ಅವಳ ಬೆರಳು ಆ ದನಿಯ ಹಿಂದೆ ಹೋಗುತ್ತಿತ್ತು. ‘ಸಂತೋಷ’ದಲ್ಲಿ ಕಂಡ ‘ತ’ ಮುಂದೆ ‘ತರು’ವಿನಲ್ಲಿ ಸಿಕ್ಕಿತು. ‘ಪುತ್ರ’ ಸಿಕ್ಕಮೇಲೆ ‘ಪೌತ್ರ’ ತಾನಾಗಿ ಬಂತು. ದಿನ ಕಳೆದಂತೆ ಗೀಟುಗಳು ಬಾಯಿ ಬಿಟ್ಟವು. ಅಂಜನ್ ಹೋದಮೇಲೆ ಅವಳು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು. ಆ ಹೊತ್ತಿನಲ್ಲಿ ಬೇರೆ ಏನೂ ಮನಸ್ಸಿಗೆ ಬರುತ್ತಿರಲಿಲ್ಲ. ಬೆರಳು ಮಾತ್ರ ಹೋಗುತ್ತಿತ್ತು.

ಶನಿವಾರ, ಕೊನೆಯ ಹಾಳೆಯಲ್ಲಿ, ಪಿಳ್ಳಣ್ಣನ ದನಿ ಒಂದು ಕಡೆ ಹೋಯಿತು, ಸಾಲು ಇನ್ನೊಂದು ಕಡೆ.

“ನಿಲ್ಸಿ ತಾತ. ಇಲ್ಲಿ ಬೇರೆ ಏನೋ ಇದೆ.”

“ಹಂಗಾದ್ರೆ ಅದು ಅಣ್ಣತಮ್ಮಂದಿರು ಪಕ್ಕದಲ್ಲಿ ಕೂತು ಬರೆಸಿದ್ದು. ನನ್ನ ಬಾಯಿಪಾಠದಲ್ಲಿ ಇರಲ್ಲ. ನೀನೇ ಓದು.”

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹೊಂಗೆಯ ಮರದ ಮೂಲೆಯು ಗುಡ್ಡೆಗಳ ಸಮೇತ ಹಿರಿಯವನ ಭಾಗಕ್ಕೆ ಸೇರಿರುತ್ತೆ. ಕಿರಿಯವನಿಗೆ ತಂದೆತಾಯಿಗಳ ಗುಡ್ಡೆಗೆ ಹಾಲು ತುಪ್ಪ ಬಿಟ್ಟು ಬರುವ ಹಾದಿ ಮಾತ್ರ ಉಂಟು.

ಹಿರಿಯವನೆಂದರೆ ಆದಿನಾರಾಯಣಪ್ಪನ ಅಪ್ಪ. ಕಿರಿಯವನು ಮಾವನ ಅಪ್ಪ. ಆತ ಜೀವಮಾನವಿಡೀ ನಡೆದುಹೋದದ್ದು ಈ ಹಾದಿಯಲ್ಲಿ. ಹಾಗೆ ಹೋಗಿ ಬರುವುದನ್ನು ನೋಡಿ ನೋಡಿ ಮಕ್ಕಳು ಜಾಗವೇ ತಮ್ಮದೆಂದುಕೊಂಡರು. ಅಂಜನ್‌ನನ್ನು ತಂದು ಅಲ್ಲಿ ಮಲಗಿಸಿದರು.

ಪಿಳ್ಳಣ್ಣ ಹಾಳೆಗಳನ್ನು ತಡವಿ ಮಡಚಿ ಅವಳ ಕೈಗಿಟ್ಟರು. ಆಮೇಲೆ, “ನಂಗೆ ಕಣ್ಣು ಕಾಣಲ್ಲ. ನಿಮ್ಮೋರಲ್ಲಿ ಯಾರಿಗೂ ಈ ಬರಹ ಬರಲ್ಲ. ನಾಳೆ ನೀನು ಏನಂತ ಓದಿದ್ರೆ ಅದೇ ಕಣವ್ವ” ಎಂದರು.

ಬಸ್ಸಿನಲ್ಲಿ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ‘ಹಿರಿಯವನ’ ಇದ್ದಲ್ಲಿ ‘ಕಿರಿಯವನ’ ಎಂದರಾಯಿತು. ಹಾದಿಯ ಮಾತು ಬಿಟ್ಟರಾಯಿತು.

ಭಾನುವಾರ ಹೊಂಗೆ ಮರದ ಕೆಳಗೆ ಎಲ್ಲರೂ ಸೇರಿದರು. ಅಳತೆಯವನು ಟೇಪು ಹಿಡಿದು ನಿಂತಿದ್ದ. ಆದಿನಾರಾಯಣಪ್ಪ ಅವಳ ಮುಖ ನೋಡಲಾರದೆ ಟವೆಲ್ಲು ಸರಿಮಾಡಿಕೊಳ್ಳುತ್ತಿದ್ದರು.

“ಓದವ್ವ. ನಿನ್ ಬಾಯಲ್ಲಿ ಏನ್ ಬತ್ತದೋ ಅದಕ್ಕೆ ನಾನು ಕಟ್ಟುಬಿದ್ದೆ. ನಮ್ ಮನೆ ಮಗೂನೇ ಅಲ್ವಾ ಅಲ್ಲಿರೋದು?”

“ನೋಡಣ್ಣ, ಆಮೇಲೆ ಮಾತು ತಿರುಗಿಸ್ಬೇಡ” ಎಂದರು ಮಾವ, ಗೆದ್ದವರ ಹಾಗೆ.

ಅವಳು ಶುರು ಮಾಡಿದಳು. ಗೊತ್ತಿಲ್ಲದೆ ಪಿಳ್ಳಣ್ಣನ ರಾಗವೇ ಬಂತು. ಸ್ವಸಂತೋಷದಿಂದ, ಪರಪ್ರೇರಣೆ ಇಲ್ಲದೆ. ಬೆರಳು ಮುಂದೆ, ಬಾಯಿ ಹಿಂದೆ. ಕೊನೆಯ ಹಾಳೆ ಬಂತು. ಬಾಯಿಪಾಠ ಮುಗಿದ ಜಾಗವೂ ಬಂತು. ಅಲ್ಲಿ ನಿಂತು ಮಾತು ಬದಲಿಸಬೇಕೆಂದುಕೊಂಡಿದ್ದಳು. ಬೆರಳು ನಿಲ್ಲಲಿಲ್ಲ, ಅದು ತೋರಿಸಿದ್ದನ್ನು ಹೇಳುವುದನ್ನಷ್ಟೇ ಬಾಯಿ ಕಲಿತಿತ್ತು. ಹೊಂಗೆಯ ಮರದ ಮೂಲೆಯು ಗುಡ್ಡೆಗಳ ಸಮೇತ ಹಿರಿಯವನ ಭಾಗಕ್ಕೆ.

ಅಳತೆಯವನು ಟೇಪು ಬಿಚ್ಚತೊಡಗಿದ.

“ನಾನೇನು ಮಾಡ್ಲವ್ವ, ಲೇಔಟಿನೋರಿಗೆ ಮಾತು ಕೊಟ್ಟಾಗಿದೆ,” ಎಂದರು ಆದಿನಾರಾಯಣಪ್ಪ, ತಗ್ಗಿದ ದನಿಯಲ್ಲಿ.

ಮಾವ ಸೊಸೆಯ ಕಡೆ ತಿರುಗಿದರು. “ತಪ್ಪಾಗಿ ಓದಿದ್ಯೇನೋ ಕಣಮ್ಮ. ಹಳೇ ಬರಹ ಅಲ್ವಾ? ಇನ್ನೊಂದ್ಸಲ ಓದು.”

ಅವಳು ಅದೇ ಸಾಲನ್ನು ಹಾಗೆಯೇ ಇನ್ನೊಂದು ಸಲ ಓದಿದಳು. ಈ ಸಲ ಬೆರಳೂ ಬೇಕಾಗಲಿಲ್ಲ.